ಮೂರು ಬೆರಳಿನ ಭಸ್ಮ

ಸಾಲೆಯ ಪರೀಕ್ಷೆಯಲ್ಲಿ ಉತ್ತರಪತ್ರಿಕೆಯ ಮೇಲೆ ತಲೆಯಿಟ್ಟು ಮಲಗಿದ್ದ ಹುಡುಗಿಯನ್ನು ಗುರುಗಳು ಬೆತ್ತದಿಂದ ಎಬ್ಬಿಸಿದ್ದರು. ಎದ್ದವಳು ಎರಡು ಹೆಜ್ಜೆ ನಡೆದು ಗೋಡೆಗೆ ಬಡಿದು ಬಿದ್ದಾಗ ಅವರಿಗೂ ಹೆದರಿಕೆಯಾಗಿ, ದವಾಖಾನೆಗೆ ತೋರಿಸಿರೆಂದು ಮನೆಗೆ ಕಳಿಸಿದರು. ಹಾಗೆ ಅವಳು ನಮ್ಮಲ್ಲಿಗೆ ಬಂದಳು. ತೊಂಬತ್ತರ ದಶಕದ ಕೊನೆಯ ಮಾತು. ಬೈಲಹೊಂಗಲ ಮತ್ತು ಸವದತ್ತಿಯ ನಡುವಿನ ಒಂದು ಸಣ್ಣ ಸರಕಾರಿ ದವಾಖಾನೆಯಲ್ಲಿ ಔಷಧ ಕೊಡುವ ಕಿಟಕಿಯ ಒಳಗೆ ನಾನು ಕೂತಿರುತ್ತಿದ್ದೆ. ಊರಿನ ಹೆಸರು ಇಲ್ಲಿ ಬೇಡ. ಹೆಂಗಸು ಎಂಬ ಒಂದೇ ಕಾರಣಕ್ಕೆ ಬಂದವರೆಲ್ಲ ನನ್ನನ್ನು ಸಿಸ್ಟರ್ ಅನ್ನುತ್ತಿದ್ದರು. ನಾನು ಸಿಸ್ಟರ್ ಅಲ್ಲ, ಫಾರ್ಮಸಿಸ್ಟ್ ಎಂದು ತಿದ್ದಿ ತಿದ್ದಿ ಬಾಯಿ ನೋವಾಗಿ ಬಿಟ್ಟುಬಿಟ್ಟಿದ್ದೆ. ಗೌರವದಿಂದ ಬಾಯಾರ ಎಂದು ಕರೆಯುವವರು ಕೆಲವರಿದ್ದರು. ಹುಡುಗಿಯ ತಾಯಿ ಅವರಲ್ಲಿ ಒಬ್ಬಳು.

ಅವರದು ಹಿಟ್ಟಿನ ಗಿರಣಿ. ಹುಡುಗಿಗೆ ಹನ್ನೆರಡು ವರ್ಷ, ಐದನೆಯ ವಯಸ್ಸಿನಿಂದ ಮೂರ್ಛೆರೋಗ. ಮೊದಲು ನಮ್ಮಲ್ಲಿಂದಲೇ ಫಿನೋಬಾರ್ಬಿಟೋನ್ ಗುಳಿಗೆ ಒಯ್ಯುತ್ತಿದ್ದರು. ಅದು ಹಳೆಯ ಔಷಧ, ನಿದ್ದೆ ತರುವ ಜಾತಿಯದು, ಪ್ರಮಾಣ ಸರಿಯಿದ್ದರೆ ಮೂರ್ಛೆಯನ್ನು ತಡೆದು ನಿಲ್ಲಿಸುತ್ತದೆ. ಒಂದು ವರ್ಷದಿಂದ ಅವರು ಬಂದಿರಲಿಲ್ಲ. ಆರಾಮಾಗಿರಬೇಕು ಎಂದುಕೊಂಡು ನಾನೂ ಸುಮ್ಮನಿದ್ದೆ. ನನ್ನ ಮೇಲೆ ನನಗಿರುವ ಸಿಟ್ಟುಗಳಲ್ಲಿ ಅದು ಮೊದಲನೆಯದು.

ಡಾಕ್ಟರರು ಹುಡುಗಿಯ ಮುಂದೆ ಬೆರಳು ಆಡಿಸಿದರು. ಅವಳ ಕಣ್ಣುಗುಡ್ಡೆಗಳು ಬೆರಳಿನ ಹಿಂದೆ ಹೋಗುವ ಬದಲು ಅಡ್ಡಡ್ಡ ತುಯ್ಯುತ್ತಿದ್ದವು. ಹೆಸರು ಕೇಳಿದರೆ ಕುಡಿದವರ ಹಾಗೆ ತೊದಲಿದಳು. ಔಷಧ ಹೆಚ್ಚು ನುಂಗಿದ ರೋಗಿಗಳಲ್ಲಿ ನಾನು ಈ ಕಣ್ಣು, ಈ ನಡಿಗೆ ಎರಡನ್ನೂ ನೋಡಿದ್ದೆ.

"ಮನ್ಯಾಗ ಗುಳಿಗಿ ಏನರ ಕೊಡಾಕ್ಹತ್ತೀರೇನು?" ಎಂದು ಕೇಳಿದೆ.

"ಏನೂ ಇಲ್ರಿ ಬಾಯಾರ. ಬರೇ ಭಸ್ಮರಿ. ವರ್ಷ ಆತು, ಒಮ್ಮೆನೂ ಮೂರ್ಛಿ ಬಂದಿಲ್ರಿ," ಅಂದಳು ತಾಯಿ. "ನಾ ನಮ್ಮ ತಂಗಿ ಬಾಣಂತನಕ್ಕಂತ ರಾಮದುರ್ಗಕ್ಕ ಹೋಗಿದ್ನಿರಿ. ಐದು ವಾರ ಆತು. ನಿನ್ನೆ ಬಂದು ನೋಡ್ತೇನಿ, ಕೂಸು ಹಿಂಗಾಗೇತಿ."

ಸವದತ್ತಿ ಹಾದಿಯಿಂದ ಒಳಗೆ ಇರುವ ಒಂದು ಹಳ್ಳಿಯಲ್ಲಿ ಒಬ್ಬ ವೈದ್ಯನಿದ್ದ. ನಲವತ್ತೊಂದು ಬೇರು ಸುಟ್ಟ ಭಸ್ಮ ಎಂದು ಬೂದಿ ಬಣ್ಣದ ಪುಡಿ ಕೊಡುತ್ತಿದ್ದ. ವಿಭೂತಿಯಂತೆ ಅದನ್ನು ದೇವರ ಜಗಲಿಯ ಮೇಲೆ ಇಡಬೇಕು, ಕಬ್ಬಿಣ ತಾಗಿಸಬಾರದು, ಡಾಕ್ಟರರಿಗೆ ತೋರಿಸಬಾರದು. ಹಣೆಗೆ ಹಚ್ಚುವ ಮೂರು ಬೆರಳುಗಳನ್ನೇ ಅದ್ದಿ, ಅಂಟಿದಷ್ಟನ್ನು ಬೆಳಿಗ್ಗೆ ಸಂಜೆ ನಾಲಿಗೆಗೆ ಹಚ್ಚಬೇಕು. ದವಾಖಾನೆಯ ಗುಳಿಗೆ ಒಗೆಯಬೇಕು, ಅವು ಕೂಡಿದರೆ ಭಸ್ಮದ ಶಕ್ತಿ ಸಾಯುತ್ತದೆ. ಒಂದು ದಿನ ತಪ್ಪಿಸಿದರೂ ಮೂರ್ಛೆ ಮರಳಿ ಬರುತ್ತದೆ.

ತಾಯಿ ಹೇಳಿದ ಈ ಕೊನೆಯ ಮಾತು ಕೇಳಿ ನನ್ನ ಕಿವಿ ನೆಟ್ಟಗಾಯಿತು. ಬೇರಿನ ಬೂದಿ ತಪ್ಪಿಸಿದರೆ ಏನೂ ಆಗುವುದಿಲ್ಲ. ತಪ್ಪಿಸಿದ ಕೂಡಲೇ ಮೂರ್ಛೆ ತರುವ ಔಷಧಗಳು ಬೇರೆ ಇವೆ, ಅವುಗಳಲ್ಲಿ ಒಂದು ನನ್ನ ಹಿಂದಿನ ಕಪಾಟಿನಲ್ಲೇ ಇತ್ತು.

ಡಾಕ್ಟರರು ತುಮಕೂರು ಕಡೆಯವರು, ಹೊಸಬರು. ನನ್ನ ಅನುಮಾನ ಕೇಳಿ, "ಏನ್ ಮೇಡಂ, ವಿಭೂತಿಯಲ್ಲಿ ಫಿನೋಬಾರ್ಬಿಟೋನ್ ಹುಡುಕ್ತೀರಾ?" ಎಂದು ನಕ್ಕರು. ತಾಯಿ ಭಸ್ಮ ಕೊಡಲು ಒಪ್ಪಲಿಲ್ಲ. ಜಗಲಿಯ ಮೇಲಿನದನ್ನು ಪರೀಕ್ಷೆ ಮಾಡುವುದೆಂದರೆ ದೇವರನ್ನೇ ಪರೀಕ್ಷೆ ಮಾಡಿದಂತೆ ಎಂದು ಅವಳಿಗೆ ಸಂಕಟ. ತಂದೆ ಮಾತ್ರ ಗಿರಣಿಯ ಮನುಷ್ಯ. "ಹಿಟ್ಟು ಯಾವುದರ ಇರಲಿ, ಜರಡಿ ಹಿಡದ ನೋಡಬೇಕ್ರಿ," ಎಂದು ಮಧ್ಯಾಹ್ನ ಸ್ವಲ್ಪ ಭಸ್ಮವನ್ನು ಕಾಗದದಲ್ಲಿ ಕಟ್ಟಿಕೊಂಡು ಬಂದ.

ನಮ್ಮಲ್ಲಿ ಪ್ರಯೋಗಾಲಯವೇನೂ ಇರಲಿಲ್ಲ. ಕಫ ನೋಡುವ ಮೇಜಿನ ಒಂದು ಮೂಲೆ, ಒಂದು ಸ್ಪಿರಿಟ್ ದೀಪ, ಸೋಸುವ ಕಾಗದ, ಎರಡು ಬೀಕರ್ ಇದ್ದವು. ಭಸ್ಮವನ್ನು ನೀರಿಗೆ ಹಾಕಿ, ಸ್ವಲ್ಪ ಕಾಸ್ಟಿಕ್ ಸೋಡಾ ಸೇರಿಸಿ ಬಿಸಿ ಮಾಡಿ ಸೋಸಿದೆ. ಫಿನೋಬಾರ್ಬಿಟೋನ್ ಬರಿಯ ನೀರಿನಲ್ಲಿ ಅಷ್ಟಾಗಿ ಕರಗುವುದಿಲ್ಲ, ಕ್ಷಾರದಲ್ಲಿ ಕರಗುತ್ತದೆ. ಕರಗಿದ್ದನ್ನು ಆಮ್ಲ ಹಾಕಿ ಹೊರಗೆ ತರಬಹುದು. ಸೋಸಿದ ತಿಳಿನೀರಿಗೆ ಹೈಡ್ರೋಕ್ಲೋರಿಕ್ ಆಮ್ಲವನ್ನು ಹನಿ ಹನಿಯಾಗಿ ಬಿಟ್ಟೆ. ಮೊದಲು ಬೂದಿಯ ಉಪ್ಪು ಬುಸುಬುಸು ನೊರೆ ಎಬ್ಬಿಸಿತು. ನೊರೆ ಅಡಗಿದ ಮೇಲೆ ಇನ್ನೆರಡು ಹನಿ ಬಿದ್ದಾಗ ತಿಳಿನೀರು ಮಜ್ಜಿಗೆಯಂತೆ ಬೆಳ್ಳಗಾಯಿತು. ಮುಚ್ಚಿಟ್ಟು ಮನೆಗೆ ಹೋದೆ. ಬೆಳಿಗ್ಗೆ ಬಂದು ನೋಡಿದರೆ ಬೀಕರಿನ ತಳದಲ್ಲಿ ಬಿಳಿಯ ಹರಳು ಕೂತಿದ್ದವು. ಯಾವ ಬೇರನ್ನು ಸುಟ್ಟರೂ ಇಂಥ ಹರಳು ಬರುವುದಿಲ್ಲ. ಡಾಕ್ಟರರು ಬೀಕರನ್ನು ಬೆಳಕಿಗೆ ಹಿಡಿದು ನೋಡಿದರು, ಈ ಸಲ ನಗಲಿಲ್ಲ.

ನನಗೆ ಮೈಯೆಲ್ಲ ಉರಿಯಿತು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಆ ಗಾದೆಯನ್ನೇ ಅವನು ದಂಧೆ ಮಾಡಿಕೊಂಡಿದ್ದ. ನಾವು ಕಿಟಕಿಯಲ್ಲಿ ಪುಕ್ಕಟೆ ಕೊಡುವ ಗುಳಿಗೆಯನ್ನು ಒಗೆಯಿರಿ ಎಂದು ಹೇಳಿ, ಅದೇ ಗುಳಿಗೆಯನ್ನು ಅರೆದು ಬೂದಿಗೆ ಬೆರೆಸಿ ದೇವರ ಪಕ್ಕ ಇಡಿಸಿದ್ದ. ಅದೂ ಎಷ್ಟು ಬೆರೆಸಿದ್ದಾನೆಂಬ ಅಂದಾಜಿಲ್ಲದೆ. ಹುಡುಗಿ ಬೆತ್ತದ ಏಟು ತಿಂದದ್ದು ಅದಕ್ಕೆ.

ಕೋಪದ ಕೈಗೆ ಬುದ್ಧಿ ಕೊಡಬಾರದು ಎಂದು ಊರಿಗೆಲ್ಲ ಹೇಳುವವಳು ನಾನು. ಅವತ್ತು ಕೊಟ್ಟೆ. ತಾಯಿಯನ್ನು ಕರೆಸಿ, "ಇವತ್ತಿನಿಂದ ಆ ಭಸ್ಮ ಬಂದ್ ಮಾಡ್ರಿ. ಒಂದ ಚಿಟಿಕಿನೂ ಕೊಡಬ್ಯಾಡ್ರಿ. ಅದು ವಿಷ ಐತಿ," ಅಂದೆ. ಡಾಕ್ಟರರು ರಾತ್ರಿಗೊಂದು ಮೂವತ್ತು ಮಿಲಿಗ್ರಾಂ ಫಿನೋಬಾರ್ಬಿಟೋನ್ ಗುಳಿಗೆ ಬರೆದರು. ಹಳೆಯ ರಿಜಿಸ್ಟರಿನಲ್ಲಿ ಅವಳ ಹೆಸರಿನ ಮುಂದೆ ಇದ್ದ ಪ್ರಮಾಣ ಅದೇ. ಇಬ್ಬರೂ ಓದಿದವರು. ಇಷ್ಟು ದಿನ ಅವಳ ಹೊಟ್ಟೆಗೆ ಎಷ್ಟು ಹೋಗುತ್ತಿತ್ತು ಎಂದು ಇಬ್ಬರೂ ಕೇಳಲಿಲ್ಲ.

ಹರಳುಗಳನ್ನೂ ಉಳಿದ ಭಸ್ಮದಲ್ಲಿ ಅರ್ಧವನ್ನೂ ಬಾಟಲಿಗೆ ತುಂಬಿಕೊಂಡು ಬಸ್ ಹತ್ತಿ, ನನಗೆ ಕಲಿಸಿದ ಹಳೆಯ ಅಧ್ಯಾಪಕರ ಹತ್ತಿರ ಹೋದೆ. ಅವರು ಹರಳಿನ ಕರಗುವ ಬಿಂದು ನೋಡಿದರು, ನೂರಾ ಎಪ್ಪತ್ತಾರು ಡಿಗ್ರಿಯ ಆಸುಪಾಸು ಬಂತು. ನಮ್ಮ ಕಪಾಟಿನ ಗುಳಿಗೆಯಿಂದ ತೆಗೆದ ಹರಳಿನ ಜೊತೆ ಬೆರೆಸಿ ಮತ್ತೆ ಕಾಯಿಸಿದರು. ಬೇರೆ ಬೇರೆ ಪದಾರ್ಥವಾಗಿದ್ದರೆ ಬೆರಕೆ ಕಡಿಮೆ ಬಿಸಿಗೇ ಕರಗಬೇಕು, ಇದು ಮೊದಲಿನ ಬಿಸಿಗೇ ಕರಗಿತು. ಕೋಬಾಲ್ಟ್ ಲವಣದ ಪರೀಕ್ಷೆಯಲ್ಲಿ ನೇರಳೆ ಬಣ್ಣವೂ ಎದ್ದಿತು. ಭಸ್ಮದ ಒಂದು ಗ್ರಾಮಿನಲ್ಲಿ ಸುಮಾರು ನೂರೈವತ್ತು ಮಿಲಿಗ್ರಾಂ ಇದೆ ಎಂದು ಬರೆದು ಸಹಿ ಮಾಡಿಕೊಟ್ಟರು. ಆ ಕಾಗದವನ್ನು ಹಿಡಿದು ಡಾಕ್ಟರರು ಮೇಲಿನವರಿಗೆ ವರದಿ ಕಳಿಸಿದರು. ವರ್ಷಗಟ್ಟಲೆ ಆ ಕಡೆ ಹಾಯದವರು ಎರಡೇ ದಿನದಲ್ಲಿ ಜೀಪು ತಗೊಂಡು ಹೋಗಿ ವೈದ್ಯನ ಕೋಣೆಗೆ ಸೀಲು ಹಾಕಿದರು. ಭಸ್ಮ ಇಟ್ಟುಕೊಂಡವರ ಮೇಲೂ ಕೇಸು ಆಗುತ್ತದೆಂದು ಸುದ್ದಿ ಹಬ್ಬಿ, ಸುತ್ತಲಿನ ಹಳ್ಳಿಯವರು ಅದನ್ನು ತಿಪ್ಪೆಗೆ ಎಸೆಯಲು ಮನಸ್ಸು ಬಾರದೆ ಮಲಪ್ರಭೆಗೆ ಒಯ್ದು ಬಿಟ್ಟರು. ನಾನು ಗೆದ್ದೆನೆಂದು ಬೀಗುತ್ತಿದ್ದೆ.

ಭಸ್ಮ ಬಿಡಿಸಿದ ಐದನೆಯ ದಿನ, ಬೆಳಗಿನ ಹನ್ನೊಂದು ಗಂಟೆಗೆ, ತಂದೆ ಹುಡುಗಿಯನ್ನು ಟೆಂಪೋದಲ್ಲಿ ಹಾಕಿಕೊಂಡು ಬಂದ. ಕೈಕಾಲು ಸೆಟೆದು ಎಳೆಯುತ್ತಿದ್ದವು, ತುಟಿ ನೀಲಿಯಾಗಿತ್ತು. ಮನೆಯಲ್ಲಿ ಮೂರು ಸಲ ಬಂದಿತ್ತಂತೆ, ನಡುವೆ ಎಚ್ಚರವೇ ಆಗಿರಲಿಲ್ಲ. ಮಗ್ಗಲಾಗಿ ಮಲಗಿಸಿ, ಆಮ್ಲಜನಕ ಹಚ್ಚಿ, ಡಾಕ್ಟರರು ಐದು ಮಿಲಿಗ್ರಾಂ ಡಯಾಜೆಪಾಮ್ ಅನ್ನು ರಕ್ತನಾಳಕ್ಕೆ ನಿಧಾನವಾಗಿ ಕೊಟ್ಟರು. ನಾನು ಕೈಗಡಿಯಾರ ಹಿಡಿದು ಉಸಿರು ಎಣಿಸುತ್ತಿದ್ದೆ, ಈ ಔಷಧ ಬೇಗ ಕೊಟ್ಟರೆ ಉಸಿರನ್ನೇ ನಿಲ್ಲಿಸಬಲ್ಲದು. ಸೆಳೆತ ನಿಂತಿತು. ಇಪ್ಪತ್ತು ನಿಮಿಷಕ್ಕೆ ಮತ್ತೆ ಬಂತು. ಮತ್ತೆ ಐದು ಮಿಲಿಗ್ರಾಂ. ಡಯಾಜೆಪಾಮ್ ಬೇಗ ಬಂದು ಬೇಗ ಹೋಗುವ ಅತಿಥಿ, ಹೊತ್ತು ಕಳೆದಂತೆ ಮಿದುಳನ್ನು ಬಿಟ್ಟು ಮೈಯ ಕೊಬ್ಬಿಗೆ ಸೇರಿಬಿಡುತ್ತದೆ. ಕಾದು ಕೂರುವ ಔಷಧ ಬೇಕಿತ್ತು. ಫಿನೋಬಾರ್ಬಿಟೋನ್ ಇಂಜೆಕ್ಷನ್ ನಮ್ಮಲ್ಲಿ ಇರಲಿಲ್ಲ. ಜಿಲ್ಲಾ ಆಸ್ಪತ್ರೆಯ ಗಾಡಿಗೆ ಫೋನು ಮಾಡಿದರೆ ನಾಲ್ಕು ಗಂಟೆಗೆ ಬರುತ್ತದೆ ಅಂದರು.

ಆಗ ನನಗೆ ಬುದ್ಧಿ ಬಂತು. ಗಂಡಹೆಂಡತಿಯನ್ನು ಔಷಧದ ಕೋಣೆಗೆ ಕರೆದು, ನಾನು ಇಟ್ಟುಕೊಂಡಿದ್ದ ಉಳಿದರ್ಧ ಭಸ್ಮವನ್ನು ತಟ್ಟೆಗೆ ಸುರಿದು ತಕ್ಕಡಿಯಲ್ಲಿಟ್ಟು ತೂಗಿದೆ.

"ಹ್ಯಾಂಗ ಕೊಡತಿದ್ರಿ, ತೋರಸ್ರಿ. ಇಬ್ಬರೂ ತೋರಸ್ರಿ."

ತಾಯಿ ಒಣ ಬೆರಳು ಮೂರನ್ನು ಅದ್ದಿ ತೆಗೆದಳು. ತಟ್ಟೆಯಲ್ಲಿ ನಾನೂರು ಮಿಲಿಗ್ರಾಂ ಕಡಿಮೆಯಾಯಿತು. ಆಮೇಲೆ ತಂದೆ ಮುಂದೆ ಬಂದ. ಮೇಜಿನ ಮೇಲಿದ್ದ ನೀರಿನ ಲೋಟದಲ್ಲಿ ಮೊದಲು ಮೂರು ಬೆರಳು ಅದ್ದಿದ, ಆಮೇಲೆ ಭಸ್ಮಕ್ಕೆ ಒತ್ತಿದ.

"ನೀರು ಯಾಕ್ರಿ?" ಅಂದೆ.

"ವಿಭೂತಿ ಒಣಾ ಹಚ್ಚಿಕೊಂತಾರೇನ್ರಿ? ನಾ ದಿನಾ ಹಿಂಗ ಹಚ್ಚಿಕೊಳ್ಳೂದು. ಹಂಗ ಕೂಸಿಗೂ ಕೊಟ್ಟೆ."

ಗಿರಣಿಯ ಕೆಲಸದ ದಪ್ಪ ಬೆರಳು, ಮೇಲೆ ಒದ್ದೆ. ತಟ್ಟೆಯಲ್ಲಿ ಒಂದು ಗ್ರಾಂ ಇನ್ನೂರು ಮಿಲಿಗ್ರಾಂ ಕಡಿಮೆಯಾಗಿತ್ತು. ಲೆಕ್ಕ ಬಾಯಲ್ಲೇ ಬಂತು. ತಾಯಿಯ ಕೈಯಲ್ಲಿ ಒಂದು ಸಲಕ್ಕೆ ಅರವತ್ತು ಮಿಲಿಗ್ರಾಂ, ತಂದೆಯ ಕೈಯಲ್ಲಿ ನೂರಾ ಎಂಬತ್ತು. ತಾಯಿ ತಂಗಿಯ ಮನೆಯಲ್ಲಿದ್ದ ಐದು ವಾರ, ದಿನಕ್ಕೆ ಮುನ್ನೂರಾ ಅರವತ್ತು ಮಿಲಿಗ್ರಾಂ ಆ ಮೂವತ್ತು ಕಿಲೋದ ಮೈಗೆ ಹೋಗಿತ್ತು. ಅದನ್ನು ಒಂದೇ ಬೆಳಿಗ್ಗೆ ನಾವು ಮೂವತ್ತಕ್ಕೆ ಇಳಿಸಿದ್ದೆವು. ಮಿದುಳಿನ ಓಟಕ್ಕೆ ಕಡಿವಾಣ ಹಾಕುವ ರಸವೊಂದು ನಮ್ಮೊಳಗೇ ಇರುತ್ತದೆ, ಈ ಔಷಧ ಆ ಕಡಿವಾಣವನ್ನು ಜಗ್ಗಿ ಹಿಡಿಯುತ್ತದೆ. ತಿಂಗಳುಗಟ್ಟಲೆ ಬೇರೆಯವರು ಹಿಡಿದುಕೊಟ್ಟರೆ ಮಿದುಳು ತಾನು ಹಿಡಿಯುವುದನ್ನು ಮರೆಯುತ್ತದೆ. ಒಮ್ಮೆಲೆ ಕೈಬಿಟ್ಟರೆ ಏನಾಗುತ್ತದೆ ಎಂಬುದು ಪಕ್ಕದ ಕೋಣೆಯಲ್ಲಿ ಮಲಗಿತ್ತು. ಔಷಧ ಮೈಯಿಂದ ಪೂರ್ತಿ ಇಳಿಯಲು ದಿನಗಳು ಬೇಕಾದ್ದರಿಂದ ಆ ಪೆಟ್ಟು ಐದನೆಯ ದಿನಕ್ಕೆ ಬಂದಿತ್ತು. ಇದೆಲ್ಲ ನಾನು ಓದಿ ಪಾಸಾದ ಪಾಠ.

ತಂದೆ ತನ್ನ ಬೆರಳನ್ನೇ ನೋಡುತ್ತ ನಿಂತಿದ್ದ. "ನಂದ ತಪ್ಪೇನ್ರಿ ಬಾಯಾರ?" ಅಂದ.

"ನಿಮ್ಮದಲ್ರಿ. ನಂದು," ಅಂದು ಡಾಕ್ಟರರ ಹತ್ತಿರ ಓಡಿದೆ.

ಮೂಗಿನ ನಳಿಗೆಯಿಂದ ಹೊಟ್ಟೆಗೆ ನೂರಾ ಎಂಬತ್ತು ಮಿಲಿಗ್ರಾಂ ಗುಳಿಗೆ ಅರೆದು ಬಿಡೋಣ ಎಂದೆ. ಡಾಕ್ಟರರು ಒಪ್ಪಲಿಲ್ಲ. "ಈ ಔಷಧ ಜಾಸ್ತಿಯಾಗೇ ಬಂದವಳು ಇವಳು. ಡಯಾಜೆಪಾಮ್ ಬೇರೆ ಹತ್ತು ಹೋಗಿದೆ. ಉಸಿರು ನಿಂತರೆ?"

"ನಿಂತ್ರ ಉಸಿರಿನ ಬ್ಯಾಗ್ ಒತ್ತೋಣ, ಡಾಕ್ಟ್ರೇ. ಹಿಂಗ ಬಿಟ್ರ ನಾಲ್ಕು ಗಂಟಿತನಕ ಉಳಿಯೂದಿಲ್ಲ ಆಕಿ. ಆಕಿ ಮೈ ಕೇಳ್ತಿರೋದು ಅದನ್ನ."

ಅವರು ಹುಡುಗಿಯ ಉಸಿರನ್ನು ಮತ್ತೊಮ್ಮೆ ಎಣಿಸಿದರು. ಆಮೇಲೆ ಕೇಸ್ ಪೇಪರಿನ ಮೇಲೆ ಪ್ರಮಾಣವನ್ನು ತಮ್ಮ ಕೈಯಿಂದ ಬರೆದು ಸಹಿ ಹಾಕಿದರು. ಆ ಸಹಿಗಾಗಿ ನಾನು ಅವರನ್ನು ಇವತ್ತಿಗೂ ಗೌರವಿಸುತ್ತೇನೆ. ಅರವತ್ತರ ಮೂರು ಗುಳಿಗೆ ಅರೆದು ನೀರಿನಲ್ಲಿ ಕಲಸಿದೆ. ನಳಿಗೆ ಶ್ವಾಸಕೋಶಕ್ಕೆ ಹೋಗಿಲ್ಲ ಎಂದು ಗಾಳಿ ಬಿಟ್ಟು ಹೊಟ್ಟೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟು ಖಾತ್ರಿ ಮಾಡಿಕೊಂಡು, ದೊಡ್ಡ ಸಿರಿಂಜಿನಿಂದ ಡಾಕ್ಟರರು ಬಿಟ್ಟರು. ಹೊಟ್ಟೆಯಿಂದ ರಕ್ತಕ್ಕೆ ಏರಲು ಹೊತ್ತು ಬೇಕು. ಒಂದು ಗಂಟೆಗೆ ಮತ್ತೊಂದು ಸೆಳೆತ ಬಂತು, ಸಣ್ಣದು. ಎರಡು ಗಂಟೆಗೆ ಬರೀ ಬಲಗೈ ನಡುಗಿತು. ಆಮೇಲೆ ಏನೂ ಬರಲಿಲ್ಲ. ಉಸಿರು ನಿಮಿಷಕ್ಕೆ ಹದಿನಾರು. ಗಾಡಿ ಬರುವ ಹೊತ್ತಿಗೆ ಹುಡುಗಿ ಕಣ್ಣು ಬಿಟ್ಟು "ಅವ್ವಾ" ಅಂದಳು. ತಾಯಿ ಗೋಡೆಗೆ ಹಣೆ ಹಚ್ಚಿ ಅತ್ತಳು. ನಾನೂ ಅತ್ತೆ, ಔಷಧದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು.

ಅಳುವುದು ಮುಗಿದ ಮೇಲೆ ಹೊಳೆಯಿತು. ಈ ಭಸ್ಮ ತಿನ್ನುತ್ತಿದ್ದವಳು ಇವಳೊಬ್ಬಳೇ ಅಲ್ಲವಲ್ಲ. ಎಲ್ಲರೂ ಹೊಳೆಗೆ ಬಿಟ್ಟು ಎರಡು ದಿನವಾಗಿತ್ತು.

ಮರುದಿನ ಮೊದಲ ಬಸ್ಸಿಗೆ ಆ ವೈದ್ಯನ ಹಳ್ಳಿಗೆ ಹೋದೆ. ಅವನನ್ನು ಜೈಲಿನಲ್ಲಿ ನೋಡಬೇಕೆಂದು ಆಸೆಪಟ್ಟವಳು ಅವನ ಕಟ್ಟೆಯ ಮುಂದೆ ನಿಂತಿದ್ದೆ. ಸೀಲು ಹಾಕಿದ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದ. ಎಂದೋ ಔಷಧದ ಅಂಗಡಿಯಲ್ಲಿ ಕೆಲಸ ಮಾಡಿದ್ದವನು, ಅಲ್ಲಿ ಕಲಿತ ವಿದ್ಯೆ ಇದು.

"ಯಾರ್ಯಾರಿಗೆ ಕೊಟ್ಟೀರಿ, ಹೆಸರು ಹೇಳ್ರಿ," ಅಂದೆ.

"ಕೇಸಿಗೇನ್ರಿ?"

"ಅಲ್ಲ. ಅವರು ಸಾಯಬಾರದಂತ."

ಅವನಿಗೆ ಅರ್ಥವಾಯಿತು. ಅರ್ಥವಾದದ್ದೇ ನನ್ನ ಸಿಟ್ಟನ್ನು ಇನ್ನಷ್ಟು ಹೆಚ್ಚಿಸಿತು, ಅಂದರೆ ಇವನಿಗೆ ಎಲ್ಲ ಗೊತ್ತಿತ್ತು. ಕಣ್ಣು ಮುಚ್ಚಿ ಒಂದೊಂದೇ ಹೇಳತೊಡಗಿದ. ಊರು, ಮನೆತನ, ವಯಸ್ಸು, ಮೂರ್ಛೆ ಯಾವ ಹೊತ್ತಿಗೆ ಬರುತ್ತಿತ್ತು ಎಂಬುದೂ ಸೇರಿ ಮೂವತ್ತೊಂದು ಹೆಸರು. ಒಂದು ಪುಸ್ತಕವನ್ನೂ ನೋಡಲಿಲ್ಲ. ನನ್ನ ರಿಜಿಸ್ಟರಿನಲ್ಲಿ ಅವರಲ್ಲಿ ಹದಿನಾಲ್ಕು ಹೆಸರಿದ್ದವು, ಒಂದೂ ನನಗೆ ಬಾಯಿಗೆ ಬರುತ್ತಿರಲಿಲ್ಲ.

"ನಿಮ್ಮ ಗುಳಿಗಿ ಅಂದ್ರ ಮಂದಿ ಒಲ್ಲೆ ಅಂತಿದ್ರು ಬಾಯಾರ. ಭಸ್ಮ ಅಂದ್ರ ಕಣ್ಣಿಗೊತ್ತಿಕೊಂಡು ತಿಂತಿದ್ರು. ನಾ ಮಾಡಿದ್ದು ಅಷ್ಟ," ಅಂದ.

"ಅಷ್ಟ ಆಗಿದ್ರ, ನಮ್ಮ ಗುಳಿಗಿ ಒಗೀರಿ ಅಂತ ಯಾಕ ಹೇಳಿದ್ರಿ? ಕೂಸಿಗೆ ನಿದ್ದಿ ಹೆಚ್ಚಾದ್ರ ಡಾಕ್ಟರ ಕಡೆ ಹೋಗ್ರಿ ಅಂತ ಯಾಕ ಹೇಳಲಿಲ್ಲ?"

ಉತ್ತರಕ್ಕೆ ನಾನು ಕಾಯಲಿಲ್ಲ. ಹೆಸರು ಬರೆದುಕೊಂಡ ಕಾಗದ ಮಡಚಿಕೊಂಡು ಬಸ್ಸಿಗೆ ಓಡಿದೆ.

ನಮ್ಮ ದವಾಖಾನೆಯ ಸಿಸ್ಟರುಗಳು, ನಿಜವಾದ ಸಿಸ್ಟರುಗಳು, ನಾನು, ಡಾಕ್ಟರರು ಹಳ್ಳಿಗಳನ್ನು ಹಂಚಿಕೊಂಡೆವು. ಪ್ರತಿ ಮನೆಯಲ್ಲೂ ಒಂದೇ ಪ್ರಶ್ನೆ ಕೇಳಿದೆವು. ಯಾರ ಬೆರಳು, ಒಣಗಿದ್ದೋ ಒದ್ದೆಯೋ. ಅದರ ಮೇಲೆ ಗುಳಿಗೆ ಲೆಕ್ಕ ಹಾಕಿ ಕೊಟ್ಟು, ವಾರಕ್ಕೆ ಸ್ವಲ್ಪ ಸ್ವಲ್ಪ ಇಳಿಸುವುದನ್ನು ಹೇಳಿಕೊಟ್ಟೆವು. ಪಟ್ಟಿಯ ಒಂಬತ್ತನೆಯ ಹೆಸರು ಒಬ್ಬ ಮುದುಕನದು. ನಾನು ಮನೆಯ ಮುಂದೆ ಬಂದಾಗ ಅಂಗಳದಲ್ಲಿ ಜನ ಕೂತಿದ್ದರು. ಹಿಂದಿನ ದಿನ ಬಾವಿಯ ಹತ್ತಿರ ಮೂರ್ಛೆ ಬಂದು ಬಿದ್ದವನು ಏಳಲಿಲ್ಲವಂತೆ. "ಭಸ್ಮ ಬಿಟ್ಟದ್ದಕ್ಕ ದೇವರು ಸಿಟ್ಟಾದ," ಎಂದು ಅವನ ಸೊಸೆ ಹೇಳಿದಳು. ದೇವರಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಸೀಲು ಹಾಕಿದವರ ವರದಿಯಲ್ಲಿ ಎಷ್ಟು ಡಬ್ಬಿ ಭಸ್ಮ ಸಿಕ್ಕಿತು ಎಂದು ಇತ್ತು, ತಿನ್ನುವವರು ಏನಾದರು ಎಂಬ ಸಾಲು ಇರಲಿಲ್ಲ. ನಾವು ಕಳಿಸಿದ ವರದಿಯಲ್ಲೂ ಇರಲಿಲ್ಲ.

ಗಿರಣಿಯ ಹುಡುಗಿ ಹತ್ತು ದಿನಕ್ಕೆ ಮನೆಗೆ ಬಂದಳು. ವಾರ ವಾರ ಇಳಿಸುತ್ತ ದಿನಕ್ಕೆ ನೂರಿಪ್ಪತ್ತಕ್ಕೆ ತಂದು ನಿಲ್ಲಿಸಿದೆವು. ಮೂರ್ಛೆಯೂ ಇಲ್ಲ, ತೂಕಡಿಕೆಯೂ ಇಲ್ಲ. ತಾಯಿ ಗುಳಿಗೆಯ ಪೊಟ್ಟಣವನ್ನು ಜಗಲಿಯ ಮೇಲೆ ಭಸ್ಮವಿದ್ದ ಜಾಗದಲ್ಲೇ ಇಟ್ಟಿದ್ದಳು. ಹುಡುಗಿ ಸಾಲೆಗೆ ಹೋಗತೊಡಗಿದಳು.

ಇಲ್ಲಿಗೆ ಮುಗಿದಿದ್ದರೆ ಈ ಕತೆಯನ್ನು ಸಮಾಧಾನದಿಂದ ಹೇಳುತ್ತಿದ್ದೆ. ಮೂವತ್ತು ಜನ ಹೊಸದಾಗಿ ಬಂದದ್ದರಿಂದ ಕಪಾಟಿನ ಗುಳಿಗೆ ಬೇಗ ಬೇಗ ಕರಗಿದವು. ಕಾರಣ ವಿವರಿಸಿ ಎರಡು ಸಲ ಬೇಡಿಕೆ ಕಳಿಸಿದೆ. ದೇವರು ಕೊಟ್ಟರೂ ಪೂಜಾರಿ ಕೊಡ. ಎರಡು ಸಲವೂ 'ಸರಬರಾಜು ಇಲ್ಲ' ಎಂದು ಮುದ್ರೆ ಒತ್ತಿ ಮರಳಿ ಬಂತು. ಹುಡುಗಿಯ ತಾಯಿ ಕಿಟಕಿಗೆ ಬಂದ ದಿನ ನನ್ನ ಹತ್ತಿರ ಒಂದು ಗುಳಿಗೆಯೂ ಇರಲಿಲ್ಲ. ಮನೆಯಲ್ಲಿ ಎರಡು ದಿನದ್ದು ಉಳಿದಿದೆ ಅಂದಳು.

"ಈ ತಿಂಗಳ ಬಂದಿಲ್ರಿ. ಇಲ್ಲ," ಅಂದೆ. ಕಿಟಕಿಯೊಳಗೆ ಕೂತು ದಿನಕ್ಕೆ ಹತ್ತು ಸಲ ಹೇಳುವ ಮಾತು ಅದು, ಹೇಳುವಾಗ ಎದುರಿನವರ ಮುಖವನ್ನೂ ನೋಡುವುದಿಲ್ಲ.

ಅವಳು ಜಗಳ ಮಾಡಲಿಲ್ಲ. ಸೆರಗಿನಿಂದ ಕಿಟಕಿಯ ಕಟ್ಟೆ ಒರೆಸುತ್ತ ಮೆಲ್ಲಗೆ ಅಂದಳು, "ಆ ಭಸ್ಮದಾಂವ ಒಂದಿನಾನೂ ಇಲ್ಲ ಅಂದಿರಲಿಲ್ರಿ ಬಾಯಾರ."

ಕಿಟಕಿ ಹಾಕಿದೆ. ಖಾಲಿ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಸವದತ್ತಿ ಬಸ್ಸು ಹತ್ತಿದೆ. ಅಲ್ಲಿಂದ ರಾಮದುರ್ಗ, ತಿರುಗಿ ಬೈಲಹೊಂಗಲ, ನೇಸರಗಿ. ಗೊತ್ತಿದ್ದ ಫಾರ್ಮಸಿಸ್ಟುಗಳ ಕಿಟಕಿಯ ಮುಂದೆ ನಿಂತು, ನನ್ನ ಸಹಿಯ ಮೇಲೆ ಕಡ ಕೇಳಿ, ಇನ್ನೂರು ಮುನ್ನೂರರಂತೆ ಗುಳಿಗೆ ಕೂಡಿಸಿದೆ. ಎರಡನೆಯ ದಿನ ಸಂಜೆ ಗಿರಣಿಗೆ ಹೋಗಿ ಹುಡುಗಿಯ ಕೈಯಲ್ಲೇ ಪೊಟ್ಟಣ ಇಟ್ಟೆ.

ವಾರದ ಮೇಲೆ ಮೇಲಿನಿಂದ ನನಗೆ ನೋಟೀಸು ಬಂತು. ಈ ಇಡೀ ಪ್ರಕರಣದಲ್ಲಿ ಯಾರಾದರೂ ಲಿಖಿತವಾಗಿ ಕೇಳಿದ ಒಂದೇ ಪ್ರಶ್ನೆ ಅದರಲ್ಲಿತ್ತು. ಅನುಮತಿ ಇಲ್ಲದೆ ಎರಡು ದಿನ ಔಷಧದ ಕಿಟಕಿ ಮುಚ್ಚಿದ್ದೇಕೆ, ಮೂರು ದಿನದೊಳಗೆ ಉತ್ತರಿಸತಕ್ಕದ್ದು.

ಉತ್ತರವಾಗಿ ಮೂವತ್ತೊಂದು ಹೆಸರು ಬರೆದೆ. ಊರು, ಮನೆತನ, ವಯಸ್ಸು, ದಿನಕ್ಕೆ ಬೇಕಾದ ಗುಳಿಗೆ. ಅಷ್ಟರಲ್ಲಿ ಎಲ್ಲ ನನಗೂ ಬಾಯಿಗೆ ಬರುತ್ತಿದ್ದವು. ಒಂಬತ್ತನೆಯ ಹೆಸರಿನ ಮುಂದೆ, ಇವರಿಗೆ ಈಗ ಗುಳಿಗೆ ಬೇಕಾಗಿಲ್ಲ ಎಂದು ಬರೆದು ಸಹಿ ಮಾಡಿದೆ.